ಗಿಡ ಹತ್ತುವ ಮುನ್ನ, ಬಿದ್ದವರನ್ನು ಎತ್ತುವ ಮುನ್ನ

ಫೆಬ್ರುವರಿ ಬಂತೆಂದರೆ ನಮ್ಮ ಕಡೆ ಹುಣಸೆ ಹಣ್ಣಾಗುತ್ತದೆ. ಅಥಣಿ, ಕಾಗವಾಡ, ರಾಯಬಾಗದ ಹೊಲದ ಬದುಗಳಲ್ಲಿ, ಚಿಕ್ಕೋಡಿ, ನಿಪ್ಪಾಣಿಯ ರಸ್ತೆ ಬದಿಗಳಲ್ಲಿ ಗಳ ಹಿಡಿದ ಗಂಡಸರು ಗಿಡದ ಮೇಲಿರುತ್ತಾರೆ, ಚೀಲ ಹಿಡಿದ ಹೆಂಗಸರು ಮಕ್ಕಳು ಕೆಳಗಿರುತ್ತಾರೆ. ಹುಣಸೆ ಮುಗಿಯುವಷ್ಟರಲ್ಲಿ ಮಾವು, ಮಾವಿನ ಬೆನ್ನಿಗೇ ನೇರಳೆ. ಈ ಕೆಲವು ವರ್ಷಗಳಿಂದ ಬಕ್ರೀದ್ ಮೇ-ಜೂನ್ ತಿಂಗಳಲ್ಲಿ ಬರುತ್ತಿದೆ. ಹಸಿ ಮೇವು ಸಿಗದ ಆ ದಿನಗಳಲ್ಲಿ ಮನೆ ಮುಂದೆ ಕಟ್ಟಿದ ಆಡಿಗೆ ತಪ್ಪಲು ತರಲು ಹುಡುಗರು ಬೇವು, ಆಲ, ಸುಬಾಬುಲ್ ಹತ್ತುತ್ತಾರೆ. ಜೇನಿಗಾಗಿ ಹತ್ತುವವರು ಬೇರೆ. ಕವಣೆ ಹಿಡಿದು ಹಕ್ಕಿಯ ಹಿಂದೆ ಹೋಗುವ ಹುಡುಗರು, ಪೊಟರೆಯಲ್ಲಿ ಗಿಳಿ ಮರಿ ಹುಡುಕುವವರು ಕೂಡ ಇದ್ದಾರೆ.

ಇವರೆಲ್ಲರಿಗೂ ಒಂದೇ ಅಪಾಯ. ಆದರೂ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಬಗ್ಗೆ, ಬೈಕಿನ ಬಗ್ಗೆ ಹೇಳುವಷ್ಟು ಎಚ್ಚರಿಕೆಯ ಮಾತನ್ನು ಗಿಡದ ಬಗ್ಗೆ ನಾವು ಹೇಳುವುದಿಲ್ಲ. "ಅವನಿಗೆ ರೂಢಿ ಅದ" ಎಂದು ಸುಮ್ಮನಾಗುತ್ತೇವೆ. ರೂಢಿ ಇದ್ದವನು ಎತ್ತರಕ್ಕೆ ಹೋಗುತ್ತಾನೆ, ದಿನಕ್ಕೆ ಹತ್ತು ಗಿಡ ಹತ್ತುತ್ತಾನೆ, ಹಗ್ಗವನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ.

15 ಅಡಿ ಎಂದರೆ ದೊಡ್ಡ ಎತ್ತರವೇನಲ್ಲ, ಹುಣಸೆ ಗಿಡದ ಮೊದಲ ಕವಲು ದಾಟಿದರೆ ಅಷ್ಟಾಗುತ್ತದೆ. ಅಲ್ಲಿಂದ ಜಾರಿದ ಮನುಷ್ಯ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಆ ವೇಗದಲ್ಲಿ ಕಲ್ಲು ನೆಲಕ್ಕೆ ಬಿದ್ದಂತೆಯೇ ಲೆಕ್ಕ ಹಾಕಿಕೊಳ್ಳಿ. ಒಂದು ಸೆಕೆಂಡಿನಲ್ಲಿ ಯಾರೂ ಯೋಚಿಸಿ ಕೊಂಬೆ ಹಿಡಿಯಲಾರರು. ಹೀಗಾಗಿ ಜೀವ ಉಳಿಸುವ ಕೆಲಸವೆಲ್ಲ ಗಿಡ ಹತ್ತುವ ಮೊದಲೇ ಆಗಬೇಕು. ಅದು ಆಗದೆ ಬಿದ್ದರೆ, ಉಳಿದದ್ದು ಬಿದ್ದವರನ್ನು ಎತ್ತುವವರ ಕೈಯಲ್ಲಿದೆ. ಈ ಎರಡು ಹೊತ್ತಿನ ಬಗ್ಗೆಯೇ ಇಲ್ಲಿ ಹೇಳುತ್ತೇನೆ.

ಬಿದ್ದಾಗ ಮೈಯೊಳಗೆ ಏನಾಗುತ್ತದೆ

ಕಾಲೂರಿ ಬಿದ್ದವರ ಪೆಟ್ಟು ಹಿಮ್ಮಡಿಯಲ್ಲಿ ನಿಲ್ಲುವುದಿಲ್ಲ. ಅದು ಮೊಣಕಾಲು, ಸೊಂಟ ದಾಟಿ ಬೆನ್ನೆಲುಬಿಗೆ ಏರುತ್ತದೆ. ಎದೆಯ ಭಾಗದ ಬೆನ್ನೆಲುಬು ಮುಗಿದು ಸೊಂಟದ ಭಾಗ ಶುರುವಾಗುವ ಜಾಗ ಹೆಚ್ಚಾಗಿ ಮುರಿಯುವುದು. ಹಿಮ್ಮಡಿ ಮೂಳೆ ಮುರಿದವರ ಬೆನ್ನನ್ನೂ ವೈದ್ಯರು ಪರೀಕ್ಷಿಸುವುದು ಇದಕ್ಕೇ. ನೀವು ಕಾಲಿನ ಎಕ್ಸ್‌ರೇಗೆಂದು ಹೋಗಿದ್ದರೂ, "ಗಿಡದಿಂದ ಬಿದ್ದದ್ದು, ಬೆನ್ನೂ ನೋವಿದೆ" ಎಂದು ಬಾಯಿಬಿಟ್ಟು ಹೇಳಿ.

ಬೆನ್ನೆಲುಬಿನ ಮಣಿಗಳ ನಡುವೆ ಮಿದುಳುಬಳ್ಳಿ ಹಾದುಹೋಗುತ್ತದೆ. ಅದರ ದಪ್ಪ ನಮ್ಮ ಕಿರುಬೆರಳಿನಷ್ಟು. ಕಾಲಿಗೆ ಚಲನೆ, ಚರ್ಮಕ್ಕೆ ಸ್ಪರ್ಶ, ಮೂತ್ರ-ಮಲದ ಹಿಡಿತ ಎಲ್ಲವೂ ಅದರ ಮೂಲಕವೇ. ಮೂಳೆ ಕೂಡಿಕೊಳ್ಳುತ್ತದೆ. ಮಿದುಳುಬಳ್ಳಿ ಪೂರ್ತಿ ಜಜ್ಜಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆಮೇಲಿನ ಬದುಕನ್ನು ಮನೆಯವರು ಬಲ್ಲರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ, ಮೂತ್ರಕ್ಕೆ ನಳಿಕೆ ಬೇಕು, ನಳಿಕೆಯಿಂದ ಸೋಂಕು ಬರುತ್ತದೆ, ದುಡಿಯುವವನು ಮಲಗಿದರೆ ಅವನ ಆರೈಕೆಗೆ ಇನ್ನೊಬ್ಬರು ದುಡಿಮೆ ಬಿಡಬೇಕು. ಆ ಇನ್ನೊಬ್ಬರು ಬಹುತೇಕ ಹೆಂಡತಿ ಅಥವಾ ತಾಯಿ.

ಹತ್ತುವುದೇ ಬೇಕೇ?

ನಮ್ಮ ಬಾಗವಾನ ಕುಟುಂಬಗಳಲ್ಲಿ ಅನೇಕರು ಮಾವು, ಹುಣಸೆ ಗಿಡಗಳನ್ನು ಗುತ್ತಿಗೆ ಹಿಡಿಯುತ್ತಾರೆ. ಹಣ ಮೊದಲೇ ಕೊಟ್ಟಾಗಿರುತ್ತದೆ. ಆದ್ದರಿಂದ ತುದಿ ಕೊಂಬೆಯ ಕಾಯಿಯನ್ನೂ ಬಿಡಲು ಮನಸ್ಸು ಬಾರದು. ಆದರೆ ಕೊಂಬೆ ತೆಳ್ಳಗಾಗುವುದು ಅಲ್ಲೇ, ಹಿಡಿಯಲು ಇನ್ನೊಂದು ಕೊಂಬೆ ಸಿಗದಿರುವುದೂ ಅಲ್ಲೇ. ಲೆಕ್ಕ ಬಲ್ಲ ವ್ಯಾಪಾರಿ ಆ ಹತ್ತು ಕಿಲೋ ಹುಣಸೆಯ ಬೆಲೆಯನ್ನು ಒಂದು ದಿನದ ಆಸ್ಪತ್ರೆ ಖರ್ಚಿನ ಪಕ್ಕ ಇಟ್ಟು ನೋಡಲಿ. ಕೂಲಿಗೆ ಹುಡುಗರನ್ನು ಕರೆತಂದವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. "ಅಷ್ಟು ಬಿಡು, ಇಳಿ" ಎನ್ನುವುದು ಗುತ್ತಿಗೆದಾರನ ಕೆಲಸ, ಹುಡುಗನದಲ್ಲ.

ಕೊಕ್ಕೆ ಕಟ್ಟಿದ ಉದ್ದ ಗಳದಿಂದ ನೆಲದ ಮೇಲೆ ನಿಂತೇ ಕೊಂಬೆ ಅಲುಗಿಸಬಹುದು. ಮಾವಿಗೆ ಬಲೆ ಚೀಲ ಕಟ್ಟಿದ ಗಳ ಇದ್ದರೆ ಹಣ್ಣೂ ಏಟು ತಿನ್ನದು, ಬೆಲೆಯೂ ಸಿಗುತ್ತದೆ. ಕರಾವಳಿ, ಮಲೆನಾಡಿನ ಅಡಿಕೆ ತೋಟದವರು ಈ ದಾರಿಯನ್ನೇ ಹಿಡಿದಿದ್ದಾರೆ. ಅಲ್ಲೀಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಗೊನೆ ಇಳಿಸುತ್ತಾರೆ, ಔಷಧಿ ಸಿಂಪಡಿಸುತ್ತಾರೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನೇ ಮಾಡಿದರು. ಆದರೆ ಆ ಯಂತ್ರ ನೆಟ್ಟಗೆ ಬೆಳೆಯುವ ಮರಕ್ಕೆ ಮಾತ್ರ. ನಮ್ಮ ಹುಣಸೆ, ಬೇವಿನ ಕವಲುಗಳಿಗೆ ನಡೆಯದು. ಗಳವೇ ನಮಗೆ ಗತಿ.

ಗಳ ಹಿಡಿಯುವಾಗ ತಲೆ ಎತ್ತಿ ಮೊದಲು ಲೈನು ನೋಡಿ. ಹೊಲದ ಮೇಲೆ ಹಾದುಹೋಗುವ 11 ಕೆ.ವಿ. ಲೈನಿನಲ್ಲಿ 11,000 ವೋಲ್ಟ್ ಇರುತ್ತದೆ. ಹಸಿ ಕೊಂಬೆ, ಒದ್ದೆ ಬಿದಿರು, ಕಬ್ಬಿಣದ ಕೊಕ್ಕೆ ಎಲ್ಲವೂ ಅದನ್ನು ಮೈಗೆ ತರುತ್ತವೆ. ಕಾರ್ಬನ್ ಫೈಬರ್ ದೋಟಿಯೂ ಅಷ್ಟೇ. ನಮ್ಮ ಕಡೆಯ ಒಂದು ದೊಡ್ಡ ಮೋಸ, ಪಂಪ್‌ಸೆಟ್ಟಿನ ತ್ರೀಫೇಸ್ ಬಿಟ್ಟು ಬಿಟ್ಟು ಬರುವುದು. "ಈಗ ಕರೆಂಟ್ ಇಲ್ಲ" ಎಂದು ನಂಬಿ ಹತ್ತಿದವನು ಗಿಡದಲ್ಲಿರುವಾಗಲೇ ಬರಬಹುದು. ಲೈನಿಗೆ ಹತ್ತು ಅಡಿಯೊಳಗೆ ಕೊಂಬೆ ಚಾಚಿದ್ದರೆ ಆ ಗಿಡವನ್ನು ಬಿಟ್ಟುಬಿಡಿ. ಹೆಸ್ಕಾಂನ 1912ಕ್ಕೆ ಹೇಳಿದರೆ ಕೊಂಬೆ ಕಡಿಯುವುದು ಅವರ ಕೆಲಸ. ಯಾರಾದರೂ ತಂತಿ ತಗುಲಿ ಗಿಡದಲ್ಲೇ ಸಿಕ್ಕಿಕೊಂಡರೆ, ಲೈನು ಬಂದ್ ಆಯಿತೆಂದು ಲೈನ್‌ಮನ್ ಹೇಳುವವರೆಗೆ ಗಿಡವನ್ನೂ ಮುಟ್ಟಬೇಡಿ. ಒಬ್ಬನನ್ನು ಬಿಡಿಸಲು ಹೋಗಿ ಇಬ್ಬರು ಹೋಗುವುದು ಹೀಗೆಯೇ.

ಬೇಟೆಯ ಮಾತು. ಮೊಲ, ನವಿಲು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಿಳಿ ಮರಿ ಹಿಡಿದು ಸಾಕುವುದು ಕೂಡ. ಪೊಟರೆಗೆ ಕೈ ಹಾಕಿದರೆ ಗಿಳಿಯ ಬದಲು ಹಾವು ಇರಬಹುದು. ಬೆಚ್ಚಿ ಕೈ ಬಿಟ್ಟರೆ ಹಾವು ಕಚ್ಚದಿದ್ದರೂ ನೆಲ ಬಿಡುವುದಿಲ್ಲ. ಮಕ್ಕಳಿಗೆ ಇದನ್ನು ನೇರವಾಗಿ ಹೇಳಿ.

ಇನ್ನು ಜೇನು. ಪವಿತ್ರ ಕುರ್‌ಆನಿನಲ್ಲಿ ಜೇನ್ನೊಣದ ಹೆಸರಿನ ಅಧ್ಯಾಯವೇ ಇದೆ, ಜೇನನ್ನು ನಾವು ಔಷಧಿ ಎಂದು ಮನೆಯಲ್ಲಿಡುತ್ತೇವೆ. ಆದರೆ ಎತ್ತರದ ಕೊಂಬೆಯಲ್ಲಿ ಒಂದೇ ದೊಡ್ಡ ಹಲಗೆಯಂತೆ ತೂಗುವ ಹೆಜ್ಜೇನನ್ನು ಬಿಡಿಸುವುದು ಸಂಜೆ ನಾಲ್ಕು ಹುಡುಗರು ಸೇರಿ ಮಾಡುವ ಕೆಲಸವಲ್ಲ. ಮೈಸೂರು, ಕೊಡಗಿನ ಕಾಡಿನ ಜೇನುಕುರುಬರು ತಲೆಮಾರುಗಳಿಂದ ಕಲಿತ ವಿದ್ಯೆ ಅದು. ಹೆಜ್ಜೇನು ಒಂದು ಕುಟುಕಿದರೆ ಆ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ. ಅದು ಉಳಿದ ಹುಳುಗಳಿಗೆ ಕರೆ, ಎಲ್ಲವೂ ಅಲ್ಲಿಗೇ ಬರುತ್ತವೆ. ಗಿಡದ ಮೇಲಿರುವವನಿಗೆ ಓಡಲು ಜಾಗವೆಲ್ಲಿ? ಹಣ್ಣಿಗೆ ಹತ್ತುವ ಮೊದಲೂ ಗಿಡದ ಸುತ್ತ ಒಂದು ಸುತ್ತು ಹಾಕಿ ಮೇಲೆ ನೋಡಿ. ಹೆಜ್ಜೇನು ಕಂಡರೆ ಆ ಗಿಡ ಅವುಗಳದು. ಎದ್ದು ಬಂದರೆ ಮುಖ ಮುಚ್ಚಿಕೊಂಡು ದೂರ ಓಡಿ, ಮನೆಯೊಳಗೆ ಸೇರಿ ಬಾಗಿಲು ಹಾಕಿ. ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಬೇಕು, ತಡ ಮಾಡುವಂತಿಲ್ಲ. ಹತ್ತಾರು ಕಡೆ ಕುಟುಕಿದ್ದರೆ ಸದ್ಯಕ್ಕೆ ಚೆನ್ನಾಗಿದ್ದರೂ ಹೋಗಿ, ವಿಷ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ಹತ್ತಲೇಬೇಕಾದರೆ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಅನುಮತಿ ಇದೆ. ಅಲ್ಲಿನವರು ಮರಕ್ಕೆ ಅಟ್ಟಣಿಗೆ ಕಟ್ಟಿ ಗಂಟೆಗಟ್ಟಲೆ ಕೂರುತ್ತಾರೆ, ಬೀಳುತ್ತಲೂ ಇರುತ್ತಾರೆ. ಆ ಬೇಟೆಗಾರರಿಗೆ ಕಲಿಸುವ ಮೊದಲ ಪಾಠ: ನೆಲದಿಂದ ಕಾಲು ಎತ್ತಿದ ಕ್ಷಣದಿಂದ ಮತ್ತೆ ನೆಲ ಮುಟ್ಟುವ ತನಕ ಮೈ ಮರಕ್ಕೆ ಕಟ್ಟಿರಬೇಕು. ಮೇಲೆ ಹೋಗಿ ಕುಳಿತ ಮೇಲೆ ಕಟ್ಟಿಕೊಂಡರಾಯಿತು ಎನ್ನುವಂತಿಲ್ಲ. ಹತ್ತುವಾಗ, ಇಳಿಯುವಾಗ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಾಟುವಾಗಲೇ ಜಾರುವುದು. ಎರಡನೆಯ ಪಾಠ, ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಹತ್ತಬಾರದು. ಗುಂಡು ತೆಗೆದು, ಆಮೇಲೆ ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ನಮಗೆ ಬಂದೂಕಿನ ಜಾಗದಲ್ಲಿ ಕುಡಗೋಲು, ಕೊಡಲಿ. ಸೊಂಟಕ್ಕೆ ಸಿಕ್ಕಿಸಿಕೊಂಡ ಕುಡಗೋಲು ಬೀಳುವಾಗ ಮೊದಲು ಹೊಕ್ಕುವುದು ಹೊಟ್ಟೆಗೇ.

ಸೊಂಟಕ್ಕೆ ಬರೀ ಹಗ್ಗ ಬಿಗಿದುಕೊಳ್ಳುವುದು ರೂಢಿ. ಏನೂ ಇಲ್ಲದ್ದಕ್ಕಿಂತ ವಾಸಿ ಎಂದು ಹೇಳುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಿದ್ದಾಗ ಇಡೀ ಮೈಭಾರ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಕರುಳು, ಗುಲ್ಮ, ಪಕ್ಕೆಲುಬು ಹಾನಿಗೊಳ್ಳುತ್ತವೆ. ಜಾರುಗಂಟು ಹಾಕಿದ್ದರಂತೂ ಉರುಳಿನಂತೆ ಬಿಗಿಯುತ್ತದೆ. ಎತ್ತರದ ಕಟ್ಟಡಕ್ಕೆ ಬಣ್ಣ ಹಚ್ಚುವವರು ಹಾಕಿಕೊಳ್ಳುವ, ತೊಡೆ ಮತ್ತು ಹೆಗಲು ಎರಡಕ್ಕೂ ಪಟ್ಟಿ ಇರುವ ಸೇಫ್ಟಿ ಬೆಲ್ಟ್ ತೆಗೆದುಕೊಳ್ಳಿ. ಅದರ ಮೇಲೆ ಐಎಸ್ 3521 ಎಂಬ ಗುರುತು ಇದೆಯೇ ನೋಡಿ. ಪ್ರತಿಯೊಬ್ಬರೂ ಕೊಳ್ಳಬೇಕೆಂದಿಲ್ಲ. ಗುತ್ತಿಗೆ ಹಿಡಿಯುವ ನಾಲ್ಕು ಮನೆಯವರು ಸೇರಿ ಎರಡು ಕೊಂಡರೆ, ಅಥವಾ ಮಸೀದಿಯ ಜಮಾಅತ್ ಕೊಂಡು ಇಟ್ಟರೆ, ಸುಗ್ಗಿಯಲ್ಲಿ ಸರದಿಯ ಮೇಲೆ ಬಳಸಬಹುದು. ಎಲ್ಲೂ ಹರಿದಿಲ್ಲ, ಬಿಸಿಲಿಗೆ ಬಿಳುಚಿಲ್ಲ ಎಂದು ಪ್ರತಿ ಸಲ ನೋಡಿಕೊಳ್ಳಬೇಕು.

ಬೆಲ್ಟಿನ ಹಗ್ಗವನ್ನು ತಲೆಗಿಂತ ಮೇಲಿನ ಗಟ್ಟಿ ಕವಲಿಗೆ ಕಟ್ಟಿ. ಕಾಲ ಬಳಿ ಕಟ್ಟಿದರೆ ಹಗ್ಗದ ಎರಡು ಪಟ್ಟು ದೂರ ಬಿದ್ದ ಮೇಲೆ ಅದು ಹಿಡಿಯುತ್ತದೆ. ಸಡಿಲ ಎರಡು ಅಡಿಗಿಂತ ಹೆಚ್ಚು ಬೇಡ. ಕೊಂಬೆ ದಾಟಲು ಎರಡು ಹಗ್ಗ ಇರಲಿ. ಎರಡನೆಯದನ್ನು ಕಟ್ಟಿದ ಮೇಲೆಯೇ ಮೊದಲನೆಯದನ್ನು ಬಿಚ್ಚಿ. ಬಾವಿಯ ಹಳೆಯ ಹಗ್ಗ, ಎತ್ತಿನ ಹಗ್ಗ ಇದಕ್ಕೆ ಆಗದು.

ತೋಳಿಗಿಂತ ತೆಳ್ಳಗಿನ ಕೊಂಬೆಗೆ ಕಾಲು ಕೊಡಬೇಡಿ. ಕೊಟ್ಟ ಕಾಲು ಕವಲಿನ ಬುಡದಲ್ಲಿರಲಿ. ಎರಡು ಕೈ, ಒಂದು ಕಾಲು ಅಥವಾ ಎರಡು ಕಾಲು, ಒಂದು ಕೈ ಯಾವಾಗಲೂ ಗಿಡಕ್ಕೆ ಅಂಟಿರಬೇಕು. ಹುಣಸೆ ಗಟ್ಟಿ ಮರವೇ, ಆದರೆ ಅದರ ಒಣ ಕೊಂಬೆ ಗಟ್ಟಿಯಲ್ಲ. ಎಲೆ ಇಲ್ಲದ, ತೊಗಟೆ ಬಿಟ್ಟ, ಬುಡದಲ್ಲಿ ಅಣಬೆ ಎದ್ದ ಕೊಂಬೆಯನ್ನು ನಂಬಬೇಡಿ. ನೇರಳೆ, ನುಗ್ಗೆ ಹಸಿಯಿದ್ದಾಗಲೂ ಲಟಕ್ಕನೆ ಮುರಿಯುತ್ತವೆ. ನುಗ್ಗೆಯನ್ನಂತೂ ಹತ್ತಲೇಬಾರದು. ಮಳೆ ಬಂದು ತೊಗಟೆ ಒದ್ದೆಯಾಗಿದ್ದರೆ ಆ ದಿನ ಬಿಡಿ. ಬಕ್ರೀದ್ ಹೊತ್ತಿಗೆ ಮಧ್ಯಾಹ್ನದ ಮೇಲೆ ಏಳುವ ಗಾಳಿ, ಗುಡುಗಿನಲ್ಲಿ ಗಿಡದ ಮೇಲೂ ಬೇಡ, ಗಿಡದ ಕೆಳಗೂ ಬೇಡ. ಲುಂಗಿ ಕೊಂಬೆಗೆ ಸಿಕ್ಕುತ್ತದೆ, ಪ್ಯಾಂಟು ಹಾಕಿಕೊಳ್ಳಿ.

ಒಬ್ಬರೇ ಹೋಗಬೇಡಿ. ಬೆಲ್ಟ್ ಹಾಕಿದವರೂ ಬಿದ್ದು ನೇತಾಡುತ್ತ ಉಳಿದರೆ ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಇಳಿಸುವವರು ಹತ್ತಿರ ಇರಬೇಕು. ಕೆಳಗೆ ಕಾಯಿ ಆಯುವವರು ಮೇಲೆ ಬಡಿಯುವಾಗ ಕೊಂಬೆಗಳ ಹರವಿನ ಹೊರಗೆ ನಿಲ್ಲಲಿ. ಬಡಿಯುವುದು ನಿಂತ ಮೇಲೆ ಆಯಲಿ. ಫಿಟ್ಸ್ ಬರುವವರು, ತಲೆಸುತ್ತು ಇರುವವರು, ಹೊಸದಾಗಿ ಬಿ.ಪಿ. ಮಾತ್ರೆ ಶುರುಮಾಡಿದವರು ಗಿಡ ಹತ್ತಬಾರದು.

ರೋಝಾ ಇದ್ದಾಗ

ಈಗಿನ ವರ್ಷಗಳಲ್ಲಿ ರಮಝಾನ್ ಮತ್ತು ಹುಣಸೆ ಸುಗ್ಗಿ ಒಟ್ಟಿಗೇ ಬರುತ್ತಿವೆ. ಫೆಬ್ರುವರಿ-ಮಾರ್ಚ್‌ನ ಒಣ ಬಿಸಿಲಿನಲ್ಲಿ ನೀರಿಲ್ಲದೆ ದುಡಿದ ಮೈ ಮಧ್ಯಾಹ್ನದ ಹೊತ್ತಿಗೆ ಬಳಲಿರುತ್ತದೆ. ನೆಲದ ಮೇಲೆ ಕಣ್ಣು ಕತ್ತಲೆ ಬಂದರೆ ಕುಳಿತುಕೊಳ್ಳಬಹುದು, ಗಿಡದ ಮೇಲೆ ಆ ಅವಕಾಶವಿಲ್ಲ. ಹತ್ತುವ ಕೆಲಸವನ್ನು ಸಹರಿ, ಫಜ್ರ್ ಮುಗಿಸಿ ಬೆಳಕು ಹರಿದ ಮೇಲೆ ಶುರುಮಾಡಿ ಹತ್ತು ಗಂಟೆಯೊಳಗೆ ಮುಗಿಸಿ. ಆಯುವುದು, ಸಿಪ್ಪೆ ಬಿಡಿಸುವುದು ಆಮೇಲೆ ನೆರಳಿನಲ್ಲಿ ನಡೆಯಲಿ. ಇಫ್ತಾರಿಗೆ ಮೊದಲಿನ ಎರಡು ಗಂಟೆ ಗಿಡದ ಹತ್ತಿರ ಹೋಗಬೇಡಿ. ಸಹರಿಯಲ್ಲಿ ಬರೀ ಚಹಾ ಕುಡಿದು ಏಳಬೇಡಿ. ರೊಟ್ಟಿ, ಮೊಸರು, ಸಾಕಷ್ಟು ನೀರು ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ರೋಝಾದಲ್ಲಿ ಗಿಡ ಹತ್ತುವುದೇ ಬೇಡ. ಕೈ ನಡುಕ, ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿದೆ ಎಂದರ್ಥ, ಆಗ ಏನಾದರೂ ಸಿಹಿ ತಿನ್ನಲೇಬೇಕು. ಕಾಯಿಲೆಯವರಿಗೆ ಶರೀಅತ್ ಕೊಟ್ಟ ರಿಯಾಯಿತಿಯ ವಿವರವನ್ನು ನಿಮ್ಮ ಊರಿನ ಆಲಿಮರಲ್ಲಿ ರಮಝಾನಿಗೆ ಮೊದಲೇ ಕೇಳಿಟ್ಟುಕೊಳ್ಳಿ.

ಬಿದ್ದವರನ್ನು ಎತ್ತುವ ಮುನ್ನ

ಯಾರಾದರೂ ಬಿದ್ದರೆ ಸುತ್ತಲಿನವರು ಮೊದಲು ಮಾಡುವುದೇನು? ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಆಸ್ಪತ್ರೆಗೆ ಒಯ್ಯುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಮುರಿದ ಬೆನ್ನೆಲುಬಿನ ಚೂರು ಮಿದುಳುಬಳ್ಳಿಗೆ ಒತ್ತುವುದು ಈ ಮೂರರಲ್ಲಿ ಎರಡರಿಂದ. ಬಿದ್ದಾಗ ಕಾಲು ಆಡಿಸುತ್ತಿದ್ದವನು ಆಸ್ಪತ್ರೆ ಮುಟ್ಟುವಾಗ ಆಡಿಸದೆ ಹೋಗಬಹುದು.

ಬಿದ್ದಲ್ಲೇ ಬಿಡಿ. "ಅಲ್ಲಾಡಬೇಡ" ಎಂದು ಹೇಳಿ, ಒಬ್ಬರು ತಲೆಯ ಹಿಂದೆ ಮೊಣಕಾಲೂರಿ ಕೂತು ಎರಡೂ ಕೈಯಿಂದ ತಲೆಯನ್ನು ಇದ್ದ ಹಾಗೇ ಹಿಡಿದುಕೊಳ್ಳಲಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ನಾವು ಗಡಿಯಲ್ಲಿರುವವರು, ಆದ್ದರಿಂದ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಹೊಲಕ್ಕೆ ಬರುವ ದಾರಿ ಇಷ್ಟನ್ನೂ ಹೇಳಿ, "ಎತ್ತರದಿಂದ ಬಿದ್ದದ್ದು, ಬೆನ್ನಿಗೆ ಪೆಟ್ಟಿರಬಹುದು" ಎನ್ನಿ. ರಸ್ತೆಯ ತಿರುವಿನಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ. ಕಾಲ್ಬೆರಳು, ಕೈಬೆರಳು ಆಡಿಸಲು ಹೇಳಿ, ಪಾದ ಮುಟ್ಟಿ ಗೊತ್ತಾಗುತ್ತದೆಯೇ ಕೇಳಿ. ಆಸ್ಪತ್ರೆಯಲ್ಲಿ ಈ ಉತ್ತರ ಬೆಲೆಯುಳ್ಳದ್ದು. ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು, ಚಹಾ ಬೇಡ. ಪ್ರಜ್ಞೆ ಮಸುಕಾಗಿದ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ, ಶಸ್ತ್ರಚಿಕಿತ್ಸೆ ಬೇಕಾದರೂ ತೊಡಕು. ರೋಝಾದಾರ ಬಿದ್ದಾಗ "ಬಾಯಿ ಒಣಗಿದೆ" ಎಂದು ನೀರು ಹಾಕುವ ಆತುರ ಹೆಚ್ಚು, ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ವಾಂತಿ ಬಂದರೆ ತಲೆಯನ್ನೊಂದೇ ತಿರುಗಿಸಬೇಡಿ. ತಲೆ ಹಿಡಿದವರ ಮಾತಿನ ಮೇಲೆ ಹೆಗಲು, ಸೊಂಟ, ಕಾಲು ಹಿಡಿದ ನಾಲ್ವರೂ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದಂತೆ ಇಡೀ ಮೈಯನ್ನು ಮಗ್ಗುಲಿಗೆ ತಿರುಗಿಸಿ. ಆಂಬುಲೆನ್ಸ್ ಬಾರದ ಜಾಗವಾಗಿದ್ದರೆ ಹೀಗೆಯೇ ಹೊರಳಿಸಿ ಕೆಳಗೆ ಹಲಗೆ ಸರಿಸಿ. ಹೊರಸು ಬೇಡ, ಅದು ನಡುವೆ ಜೋತುಬಿದ್ದು ಬೆನ್ನು ಬಾಗಿಸುತ್ತದೆ. ಕಳಚಿದ ಬಾಗಿಲು ಅಥವಾ ಅಗಲ ಹಲಗೆ ಸರಿ. ಮೈಯನ್ನು ಮೂರು ಕಡೆ ಪಂಚೆಯಿಂದ ಹಲಗೆಗೆ ಕಟ್ಟಿ, ತಲೆಯ ಎರಡೂ ಬದಿಗೆ ಸುತ್ತಿದ ಬಟ್ಟೆ ಇಟ್ಟು, ಟೆಂಪೊದಲ್ಲಿ ಮಲಗಿಸಿಯೇ ಒಯ್ಯಿರಿ.

ಎದ್ದು ನಡೆದವರ ವಿಷಯದಲ್ಲೂ ಒಂದು ದಿನ ಎಚ್ಚರವಿರಲಿ. ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಹೆಚ್ಚಿದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ಹೊಟ್ಟೆ ಗಟ್ಟಿಯಾದರೆ, ಮೂತ್ರ ಕಟ್ಟಿದರೆ ರಾತ್ರಿಯೇ ಹೊರಡಿ. ಎಣ್ಣೆ ತಿಕ್ಕುವುದು, ಎಲುಬು ಕೂರಿಸುವವರ ಬಳಿಗೆ ಹೋಗುವುದು ಎಕ್ಸ್‌ರೇ ಆಗುವ ತನಕ ಬೇಡ.

ಎಲ್ಲಿಗೆ ಒಯ್ಯುವುದೆಂದು ಈಗಲೇ ಯೋಚಿಸಿಡಿ. ತಾಲ್ಲೂಕು ಆಸ್ಪತ್ರೆಯಿಂದ ಬೆಳಗಾವಿಯ ಬಿಮ್ಸ್‌ಗೆ ಕಳಿಸಬಹುದು. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ್ ತೀರಾ ಹತ್ತಿರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ವರೆಗೆ ಚಿಕಿತ್ಸೆ ಇದೆ. ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಕಾಯಿಲೆ ಇಲ್ಲದಾಗಲೇ ವಿಚಾರಿಸಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ವಿಮೆಯ ಬಗ್ಗೆ ಸಂಶಯವಿರುವವರು ಆಲಿಮರನ್ನು ಕೇಳಿ ನಿರ್ಧರಿಸಲಿ.

ತಪ್ಪಲಿನ ಚಿಂತೆಗೆ ಸುಲಭದ ಉಪಾಯವೊಂದಿದೆ. ಮುಂಗಾರು ಶುರುವಾದಾಗ ಬದುವಿನ ಮೇಲೋ ಹಿತ್ತಲ ಬೇಲಿಗೋ ಚೊಗಚೆ, ನುಗ್ಗೆ, ಸುಬಾಬುಲ್ ಬೀಜವನ್ನು ಒತ್ತೊತ್ತಾಗಿ ಹಾಕಿ. ಆಳೆತ್ತರ ಬಂದ ಮೇಲೆ ಸೊಂಟದ ಎತ್ತರಕ್ಕೆ ಕಡಿಯುತ್ತ ಹೋದರೆ ಮತ್ತೆ ಮತ್ತೆ ಚಿಗುರುತ್ತದೆ. ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಹಾಕಬೇಡಿ, ಬೇರೆ ಮೇವಿನ ಜೊತೆ ಸ್ವಲ್ಪ ಕೊಡಿ, ಹೆಚ್ಚಾದರೆ ಆಡಿನ ಕೂದಲು ಉದುರುತ್ತದೆ. ನೀರು ಕಾಣುವ ಜಾಗವಿದ್ದರೆ ಬರುವ ಬಕ್ರೀದ್ ಹೊತ್ತಿಗೆ ತಪ್ಪಲು ನೆಲದ ಮೇಲೆ ನಿಂತವರ ಕೈಗೇ ಸಿಗುತ್ತದೆ.